ದ್ವೀಪಗಳ ಲೆಕ್ಕವೂ ಜೆಟ್ಟಿಗಳ ಲೆಕ್ಕವೂ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಪ್ರಕಟವಾದ ಅಂಡಮಾನ್ ಕುರಿತ ಬರಹವನ್ನೂ ಅದರ ಕೆಳಗೇ ಅಚ್ಚಾಗಿದ್ದ ‘ಆರು ರಾತ್ರಿ, ಆರು ದ್ವೀಪ’ ಎಂಬ ಜಾಹೀರಾತನ್ನೂ ಓದಿದ ಮೇಲೆ ಈ ಪತ್ರ ಬರೆಯಬೇಕೆನಿಸಿತು. ಹೆಚ್ಚುಕಡಿಮೆ ಅಂಥದೇ ಜಾಹೀರಾತನ್ನು ನೋಡಿ ಕಳೆದ ಡಿಸೆಂಬರಿನಲ್ಲಿ ನಾವು ಆರು ಜನ, ಎಂದರೆ ನಾನು, ನನ್ನ ಹೆಂಡತಿ, 74 ವರ್ಷದ ತಾಯಿ, ಅಕ್ಕ, ಮತ್ತು 13 ಹಾಗೂ 7 ವರ್ಷದ ಇಬ್ಬರು ಮಕ್ಕಳು, ಬೆಂಗಳೂರಿನಿಂದ ಅಲ್ಲಿಗೆ ಹೋಗಿಬಂದೆವು. ಅಂಡಮಾನ್ ನೋಡಲೇಬೇಕಾದ ಜಾಗವೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವ ಸಂಸಾರವಂದಿಗರಿಗೆ ಆ ಪ್ರವಾಸವನ್ನು ದ್ವೀಪಗಳ ಲೆಕ್ಕದಲ್ಲಿ ಮಾರುವುದು ಸರಿಯಲ್ಲ. ಎಷ್ಟು ಸಲ ಜೆಟ್ಟಿಗೆ ಹೋಗಿ ಹಡಗು ಹತ್ತಬೇಕಾಗುತ್ತದೆ, ಹಡಗು ಹೊರಡದಿದ್ದರೆ ಏನು ಗತಿ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಬೇಕು ಎಂಬುದಷ್ಟೇ ನನ್ನ ಮಾತು.

ಮೊದಲು ಆ ಆರು ದ್ವೀಪಗಳನ್ನೇ ನೋಡೋಣ. ಪೋರ್ಟ್ ಬ್ಲೇರ್, ರಾಸ್, ನಾರ್ತ್ ಬೇ, ಹ್ಯಾವ್‌ಲಾಕ್, ಎಲಿಫೆಂಟ್ ಬೀಚ್, ನೀಲ್ ಎಂದು ನಮ್ಮ ಪಟ್ಟಿಯಲ್ಲಿತ್ತು. ಪೋರ್ಟ್ ಬ್ಲೇರ್ ಇರುವುದು ದಕ್ಷಿಣ ಅಂಡಮಾನ್ ದ್ವೀಪದಲ್ಲಿ. ನಾರ್ತ್ ಬೇಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆಂಬುದು ನಿಜವಾದರೂ ಅದು ಅದೇ ದಕ್ಷಿಣ ಅಂಡಮಾನಿನ ಇನ್ನೊಂದು ಮಗ್ಗುಲಿನ ತೀರವೇ ಹೊರತು ಬೇರೆ ದ್ವೀಪವಲ್ಲ. ಎಲಿಫೆಂಟ್ ಬೀಚ್ ಹ್ಯಾವ್‌ಲಾಕ್ ದ್ವೀಪದ್ದೇ ಒಂದು ಬೀಚು. ಕಾಡಿನೊಳಗಿನ ಕಾಲುದಾರಿಯಲ್ಲಿ ನಡೆದೂ ಅಲ್ಲಿಗೆ ಹೋಗಬಹುದು. ಹೀಗೆ ಆರರಲ್ಲಿ ಎರಡು ಕಳೆದು ನಾಲ್ಕು ಉಳಿದವು. ಇದರ ಜೊತೆಗೆ ಹೆಸರುಗಳ ಗೊಂದಲ ಬೇರೆ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವೆಂದೂ ನೀಲ್ ಶಹೀದ್ ದ್ವೀಪವೆಂದೂ ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವೆಂದೂ, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಎಂದೂ ಹೆಸರು ಬದಲಾಗಿವೆ. ಟಿಕೆಟ್ಟಿನಲ್ಲಿ ಹೊಸ ಹೆಸರು, ಟ್ಯಾಕ್ಸಿಯವರ ಬಾಯಲ್ಲಿ ಹಳೆಯ ಹೆಸರು. ಪಟ್ಟಿಯಲ್ಲಿ ಹ್ಯಾವ್‌ಲಾಕ್ ಎಂದಿದ್ದು ಟಿಕೆಟ್ಟಿನಲ್ಲಿ ಸ್ವರಾಜ್ ದ್ವೀಪವೆಂದು ಕಂಡಾಗ, ನಮ್ಮನ್ನು ಬೇರೆಲ್ಲಿಗೋ ಕಳಿಸುತ್ತಿದ್ದಾರೆಂದು ಅಕ್ಕ ಸ್ವಲ್ಪ ಹೊತ್ತು ಗಾಬರಿಯಾಗಿದ್ದರು.

ಈಗ ಹಡಗುಗಳ ಲೆಕ್ಕ. ಪೋರ್ಟ್ ಬ್ಲೇರಿನಿಂದ ರಾಸ್, ರಾಸ್‌ನಿಂದ ನಾರ್ತ್ ಬೇ, ಅಲ್ಲಿಂದ ಮರಳಿ ಪೋರ್ಟ್ ಬ್ಲೇರ್, ಮರುದಿನ ಹ್ಯಾವ್‌ಲಾಕ್, ಅದರ ಮರುದಿನ ಎಲಿಫೆಂಟ್ ಬೀಚಿಗೆ ಹೋಗಲೊಂದು ಬರಲೊಂದು ದೋಣಿ, ಆಮೇಲೆ ನೀಲ್, ಕೊನೆಗೆ ನೀಲ್‌ನಿಂದ ಪೋರ್ಟ್ ಬ್ಲೇರ್: ಒಟ್ಟು ಎಂಟು ಸಲ. ಹ್ಯಾವ್‌ಲಾಕಿಗೆ ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡು ಗಂಟೆ ಎಂದು ಬರೆದಿರುತ್ತಾರೆ, ಅದು ನೀರಿನ ಮೇಲಿನ ಸಮಯ ಮಾತ್ರ. ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಬೇಕು, ಗುರುತಿನ ಚೀಟಿ ತೋರಿಸಬೇಕು, ಸಾಮಾನಿಗೆ ಚೀಟಿ ಕಟ್ಟಿಸಿ ಒಪ್ಪಿಸಬೇಕು, ಬಿಸಿಲಿನಲ್ಲಿ ಸಾಲು ನಿಲ್ಲಬೇಕು, ಇಳಿದ ಮೇಲೆ ಅದೇ ಸಾಮಾನಿಗಾಗಿ ಮತ್ತೆ ಕಾಯಬೇಕು. ಹೋಟೆಲ್ ಖಾಲಿ ಮಾಡಿದಾಗಿನಿಂದ ಇನ್ನೊಂದು ಹೋಟೆಲಿನ ಕೋಣೆಯ ಬಾಗಿಲು ತೆಗೆಯುವ ತನಕ ನಮಗೆ ಪ್ರತಿ ಸಲವೂ ಐದಾರು ಗಂಟೆ ಹಿಡಿಯಿತು. ಗಟ್ಟಿಮುಟ್ಟಾದ ಯುವಕರಿಗೆ ಇದು ಲೆಕ್ಕಕ್ಕಿಲ್ಲದ ಮಾತಿರಬಹುದು. ಮಂಡಿನೋವಿನ ನನ್ನ ತಾಯಿಗೆ ಪ್ರವಾಸದ ಅರ್ಧ ಭಾಗ ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಕಳೆಯಿತು.

ಕತ್ತಲಾಗುವ ಹೊತ್ತನ್ನೂ ಪಟ್ಟಿ ಮಾಡಿದವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಡಮಾನ್ ನಮಗಿಂತ ಬಹಳ ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ ಆಗಿರುವುದರಿಂದ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಹ್ಯಾವ್‌ಲಾಕಿನಲ್ಲಿ ಇಳಿದು, ಊಟ ಮಾಡಿ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್ ದೂರದ ರಾಧಾನಗರ ಬೀಚಿಗೆ ನಾವು ಮುಟ್ಟುವಾಗ ನಾಲ್ಕೂವರೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿದ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಆ ತೀರದಲ್ಲಿ ನಮಗೆ ದಕ್ಕಿದ್ದು ಅರ್ಧ ಗಂಟೆ. ಮಕ್ಕಳು ನೀರಿಗಿಳಿದು ಮೈ ನೆನೆಯುವಷ್ಟರಲ್ಲಿ ಜೀವರಕ್ಷಕರು ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದರು. ಅವರು ಮಾಡಿದ್ದು ಸರಿ, ಮೊಸಳೆಯ ಎಚ್ಚರಿಕೆಯ ಫಲಕಗಳನ್ನು ಅಲ್ಲಿ ಸುಮ್ಮನೆ ನಿಲ್ಲಿಸಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಬರೋಣವೆಂದರೆ ಆ ಹೊತ್ತು ಎಲಿಫೆಂಟ್ ಬೀಚಿನದಾಗಿತ್ತು.

ರಾಸ್ ದ್ವೀಪದ ಬಗ್ಗೆ ಮಾತ್ರ ಒಳ್ಳೆಯ ಮಾತೇ ಹೇಳಬೇಕು. 1858ರ ಕೈದಿಗಳ ವಸಾಹತಿನ ಕಾಲದಿಂದ 1941ರ ಭೂಕಂಪದವರೆಗೆ ಬ್ರಿಟಿಷರ ಆಡಳಿತ ನಡೆದದ್ದು ಆ ಪುಟ್ಟ ನೆಲದಿಂದ. ಈಗ ಚರ್ಚು, ಬಂಗಲೆಗಳ ಗೋಡೆಗಳನ್ನು ಮರದ ಬೇರುಗಳು ಕೈಬೆರಳುಗಳಂತೆ ಅಪ್ಪಿ ಹಿಡಿದಿವೆ. ನಡೆಯಲಾರದವರಿಗೆ ಬ್ಯಾಟರಿ ಗಾಡಿ ಇದೆ. ಗಾಡಿಯಿಂದಿಳಿದು ಕಲ್ಲುಬೆಂಚಿನ ಮೇಲೆ ಕುಳಿತ ತಾಯಿಯ ಕೈಯನ್ನು ಜಿಂಕೆಯೊಂದು ಮೂಸಿ ನೋಡಿ, ಏನೂ ಇಲ್ಲವೆಂದು ತಿಳಿದು, ಸೆರಗಿನ ತುದಿ ಜಗ್ಗಿತು. ಕರಿನೀರಿನ ಶಿಕ್ಷೆಯೆಂದರೇನೆಂದು ಹಿಂದಿನ ಸಂಜೆ ಸೆಲ್ಯುಲರ್ ಜೈಲಿನಲ್ಲಿ ಮಕ್ಕಳಿಗೆ ವಿವರಿಸಿದ್ದ ನನಗೆ, ಆ ಜೈಲನ್ನು ಕಟ್ಟಿಸಿದವರ ಮನೆಗಳು ಈ ಗತಿಗೆ ಬಂದುದನ್ನು ತೋರಿಸುವುದು ಸುಲಭವಾಯಿತು. ಅಲ್ಲಿಂದ ಒಂದೂವರೆ ಗಂಟೆಗೆ ನಮ್ಮನ್ನು ಎಬ್ಬಿಸಿ ನಾರ್ತ್ ಬೇಗೆ ಸಾಗಿಸಿದರು. ಹಳೆಯ 20 ರೂಪಾಯಿ ನೋಟಿನ ಹಿಂಬದಿಯ ಚಿತ್ರದಲ್ಲಿರುವ ದೀಪಸ್ತಂಭ ಅಲ್ಲಿಯದೇ ಎಂದು ಹೇಳಿದಾಗ ತಾಯಿ ಕೈಚೀಲದಿಂದ ಅಂಥದೊಂದು ನೋಟು ತೆಗೆದು ಮೊಮ್ಮಗಳ ಕೈಗಿತ್ತರು. ಉಳಿದಂತೆ ನೀರಾಟದ ಟಿಕೆಟ್ ಕೊಳ್ಳದವರಿಗೆ ಅಲ್ಲಿ ಎಳನೀರು ಕುಡಿಯುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

ಹ್ಯಾವ್‌ಲಾಕಿನಿಂದ ನೀಲ್‌ಗೆ ಹೋಗುವ ದಿನ ಗಾಳಿ ಎದ್ದಿತ್ತು. ಖಾಸಗಿ ಹಡಗುಗಳು ವೇಗವಾಗಿ ಹೋಗುತ್ತವೆ, ಒಳಗೆ ಹವಾನಿಯಂತ್ರಣವಿದೆ, ಎಲ್ಲವೂ ಸರಿ. ಆದರೆ ನಾವು ಹತ್ತಿದ ಹಡಗಿನಲ್ಲಿ ಕಿಟಕಿಗಳೆಲ್ಲ ಮುಚ್ಚಿದ ಗಾಜು, ಅಲೆಗೆ ಸಿಕ್ಕಾಗ ಹೊರಗೆ ಬಂದು ಗಾಳಿಗೆ ಮುಖವೊಡ್ಡಲು ಜಾಗವಿಲ್ಲ. ಹೊರಟ ಹತ್ತು ನಿಮಿಷಕ್ಕೆ ಚಿಕ್ಕವನು ವಾಂತಿ ಮಾಡಿಕೊಂಡ. ಅವನನ್ನು ನೋಡಿ ಹಿಂದಿನ ಸಾಲಿನ ಇಬ್ಬರು ಶುರು ಮಾಡಿದರು. ಸಿಬ್ಬಂದಿಯ ಹುಡುಗನೊಬ್ಬ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕಾಗದದ ಚೀಲಗಳ ಕಟ್ಟು ಹಿಡಿದು, ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದುಕೊಡುವ ಹಾಗೆ ಸಾಲುಸಾಲಿಗೆ ಹಂಚುತ್ತಾ ಬಂದ. ವಾಂತಿಯ ಮಾತ್ರೆಯನ್ನು ಹಡಗು ಹತ್ತುವ ಅರ್ಧ ಗಂಟೆ ಮೊದಲೇ ನುಂಗಿರಬೇಕೆಂದು ನಮಗೆ ಹೇಳಿದವನು ಆ ಹುಡುಗ, ನಮ್ಮಿಂದ ಹಣ ಪಡೆದ ಟೂರಿನವರಲ್ಲ.

ನೀಲ್ ಪುಟ್ಟ ದ್ವೀಪ, ತರಕಾರಿ ಬೆಳೆಯುವವರ ಊರು. ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂಬ ಹೆಸರುಗಳನ್ನು ಕೇಳಿ ತಾಯಿಗೆ ಬಹಳ ಸಂತೋಷವಾಯಿತು. ಅಲ್ಲಿನ ನೈಸರ್ಗಿಕ ಕಲ್ಲುಸೇತುವೆಯನ್ನು ನಮ್ಮ ಪಟ್ಟಿಯಲ್ಲಿ ‘ಮಧ್ಯಾಹ್ನ ಮೂರು ಗಂಟೆ’ ಎಂದು ಅಚ್ಚು ಹಾಕಿದ್ದರು. ಅದರ ಬುಡದವರೆಗೆ ಹೋಗಲು ಸಮುದ್ರ ಇಳಿತದಲ್ಲಿರಬೇಕು, ಮತ್ತು ಉಬ್ಬರ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಕರಾವಳಿಯ ಯಾವ ಮೀನುಗಾರರನ್ನು ಕೇಳಿದರೂ ಹೇಳುವ ಈ ಸಂಗತಿ ವರ್ಷವಿಡೀ ಒಂದೇ ಪಟ್ಟಿಯನ್ನು ಎಲ್ಲರಿಗೂ ಹಂಚುವವರಿಗೆ ತಿಳಿಯದೆ ಹೋಯಿತೇ? ನಾವು ಹೋದಾಗ ಕಲ್ಲುಗಳ ನಡುವೆ ಮೊಣಕಾಲುದ್ದ ನೀರು. ಪಾಚಿಗಟ್ಟಿದ ಸತ್ತ ಹವಳದ ಮೇಲೆ ಎರಡು ಹೆಜ್ಜೆ ಇಟ್ಟು ತಾಯಿ ಹಿಂದಿರುಗಿದರು. ನೀರಿಗಿಳಿದ ಅಕ್ಕನ ಪಾದ ಕೊಯ್ದುಹೋಯಿತು.

ಮರುದಿನ ಬೆಳಿಗ್ಗೆ ಸಂಚಾರವನ್ನೇ ನಿಲ್ಲಿಸಿದ್ದಾರೆಂದು ಸುದ್ದಿ ಬಂತು. ನಿಲ್ಲಿಸಿದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡದಿರುವುದನ್ನು ನೋಡಿದ ನಮಗೆ ಕಡಲಿನ ಮಾತಿಗೆ ಎದುರಾಡಬಾರದೆಂಬುದು ಗೊತ್ತು. 2016ರ ಡಿಸೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಿ ಹ್ಯಾವ್‌ಲಾಕ್ ಮತ್ತು ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿ, ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ಹಾಗಿರುವಾಗ ಡಿಸೆಂಬರಿನಲ್ಲಿ ಒಂದು ದಿನ ಹಡಗು ನಿಲ್ಲಬಹುದೆಂಬುದು ಆ ವ್ಯಾಪಾರದಲ್ಲಿರುವವರಿಗೆ ಅನಿರೀಕ್ಷಿತವೇನಲ್ಲ. ನಮ್ಮ ಪಟ್ಟಿಯಲ್ಲಿ ಆ ದಿನ ಸಂಜೆ ಪೋರ್ಟ್ ಬ್ಲೇರ್, ಮರುದಿನ ಬೆಳಿಗ್ಗೆಯೇ ಬೆಂಗಳೂರಿನ ವಿಮಾನ. ನಡುವೆ ಒಂದು ದಿನದ ಸಡಿಲು ಬಿಟ್ಟಿರಲಿಲ್ಲ, ಏಕೆಂದರೆ ಆ ದಿನವನ್ನು ನಾರ್ತ್ ಬೇ ಎಂಬ ದ್ವೀಪವಲ್ಲದ ದ್ವೀಪಕ್ಕೆ ಕೊಟ್ಟಾಗಿತ್ತು.

ಟೂರಿನವರಿಗೆ ಫೋನ್ ಮಾಡಿದರೆ ‘ಪ್ರಕೃತಿಯ ಕಾರಣ ಸಾರ್, ನಮ್ಮ ಕೈಯಲ್ಲಿ ಏನಿದೆ’ ಎಂದರು. ಹೋಟೆಲಿನ ಮಾಲೀಕರು ಅವರಿಗಿಂತ ತಿಳಿದವರು. ‘ನೀವು ಹೋಗಲಾಗದಿದ್ದರೆ ಬರುವವರೂ ಬರಲಾರರು, ಕೋಣೆ ಖಾಲಿಯೇ ಇರುತ್ತದೆ, ಅರ್ಧ ದುಡ್ಡು ಕೊಡಿ ಸಾಕು’ ಎಂದು ಹಿಂದಿಯಲ್ಲಿ ಹೇಳಿ, ಮಧ್ಯಾಹ್ನ ತಾವೇ ಅನ್ನ, ಮೀನಿನ ಸಾರು ಕಳಿಸಿಕೊಟ್ಟರು. ಮೀನು ತಿನ್ನದ ತಾಯಿಗೆ ಬದನೆಕಾಯಿ ಪಲ್ಯ ಬಂತು. ಜೆಟ್ಟಿಗೆ ವಿಚಾರಿಸಲು ಹೋದಾಗ ಅಲ್ಲಿ ತರಕಾರಿ ಬುಟ್ಟಿಗಳ ಪಕ್ಕ ಕುಳಿತಿದ್ದ ಊರಿನವರನ್ನು ಕಂಡೆ. ನಮಗೆ ತಪ್ಪಿದ್ದು ವಿಮಾನ, ಅವರಿಗೆ ತಪ್ಪಿದ್ದು ಪೋರ್ಟ್ ಬ್ಲೇರಿನ ಸಂತೆ. ಮಾರನೆಯ ದಿನ ಮಧ್ಯಾಹ್ನದ ಹಡಗಿನಲ್ಲಿ ಜಾಗ ಸಿಕ್ಕಿತು. ರದ್ದಾದ ಹಡಗಿನ ಹಣ ವಾಪಸ್ ಬಂತು, ವಿಮಾನದ್ದು ಬರಲಿಲ್ಲ. ಆರು ಜನಕ್ಕೆ ನಿಂತ ನಿಲುವಿನಲ್ಲಿ ಕೊಂಡ ಹೊಸ ಟಿಕೆಟ್ಟುಗಳಿಗೆ ಇಡೀ ಪ್ಯಾಕೇಜಿನ ಅರ್ಧದಷ್ಟು ಹಣ ತೆತ್ತೆವು.

ಇನ್ನು ತಮ್ಮ ಬರಹದ ಬಗ್ಗೆ ಒಂದು ಆಕ್ಷೇಪವಿದೆ. ಸಮಯ ಉಳಿದರೆ ಬಾರಾತಾಂಗ್ ದ್ವೀಪಕ್ಕೂ ಹೋಗಿ, ಅದೃಷ್ಟವಿದ್ದರೆ ದಾರಿಯಲ್ಲಿ ಜಾರವಾ ಎಂಬ ಆದಿವಾಸಿ ಜನರು ಕಾಣಸಿಗುತ್ತಾರೆ ಎಂದು ಅದರಲ್ಲಿದೆ. ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ ನೋಡಲು ಹೋಗುವುದು ಬೇರೆ ಮಾತು. ಆದರೆ ಆ ರಸ್ತೆ ಜಾರವಾಗಳ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ, ಆ ಭಾಗದಲ್ಲಿ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿಯೇ ಸುಪ್ರೀಂ ಕೋರ್ಟ್ ಆದೇಶಿಸಿತ್ತು, ಅಲ್ಲಿ ವಾಹನ ನಿಲ್ಲಿಸುವುದೂ ಫೋಟೊ ತೆಗೆಯುವುದೂ ಅಪರಾಧ. ಮನುಷ್ಯರನ್ನು ನೋಡುವುದನ್ನು ಅದೃಷ್ಟವೆಂದು ಬರೆಯಬಾರದಿತ್ತು. ಬೆಳಗಿನ ಜಾವ ಮೂರಕ್ಕೇ ಎದ್ದು ಹೊರಡುವ ಆ ಪ್ರಯಾಣವನ್ನು ನಮಗೂ ಹೆಚ್ಚುವರಿ ಹಣಕ್ಕೆ ಮಾರಲು ನೋಡಿದ್ದರು, ನಾವು ಒಪ್ಪಲಿಲ್ಲ.

ಸುರಕ್ಷತೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. 2014ರ ಜನವರಿ 26ರಂದು ಪೋರ್ಟ್ ಬ್ಲೇರಿನ ಬಳಿ ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದ ಪ್ರವಾಸಿ ದೋಣಿ ಮುಳುಗಿ 21 ಜನ ತೀರಿಕೊಂಡರು. ಆಮೇಲೆ ಬಿಗಿ ಬಂದಿದೆ, ಚಿಕ್ಕ ದೋಣಿಗಳಲ್ಲೂ ಲೈಫ್ ಜಾಕೆಟ್ ಹಾಕದೆ ಹೊರಡುವುದಿಲ್ಲ, ಇದನ್ನು ಮೆಚ್ಚಲೇಬೇಕು. ಆದರೆ ಎಲಿಫೆಂಟ್ ಬೀಚಿಗೆ ಹೋಗುವಾಗ ನನ್ನ ಏಳು ವರ್ಷದ ಮಗನಿಗೆ ಕೊಟ್ಟದ್ದು ದೊಡ್ಡವರ ಜಾಕೆಟ್. ಭುಜ ಹಿಡಿದು ಎತ್ತಿದರೆ ಅದು ಕಿವಿಯ ಮೇಲಕ್ಕೆ ಜಾರಿ ಬರುತ್ತಿತ್ತು. ಎರಡು ಸಲ ಕೇಳಿದ ಮೇಲೆ ಹುಡುಕಿ ಚಿಕ್ಕದನ್ನು ತಂದುಕೊಟ್ಟರು. ಚಿಕ್ಕದು ಇತ್ತು, ಕೇಳುವವರಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ಪ್ರವಾಸಗಳ ಬಗ್ಗೆ ಬರೆಸುವಾಗ ಎಷ್ಟು ಸಲ ಹಡಗು ಹತ್ತಬೇಕು, ಮರಳುವ ವಿಮಾನಕ್ಕೂ ಕೊನೆಯ ಹಡಗಿಗೂ ನಡುವೆ ಎಷ್ಟು ಸಮಯವಿದೆ, ಇಳಿತದ ಹೊತ್ತು ನೋಡಿ ದಿನವನ್ನು ಜೋಡಿಸಿದ್ದಾರೆಯೇ ಎಂಬುದನ್ನೂ ಬರೆಸಿ. ಹಡಗು ರದ್ದಾದರೆ ಹೋಟೆಲು, ವಿಮಾನಗಳ ಖರ್ಚನ್ನು ಯಾರು ಹೊರಬೇಕೆಂಬುದನ್ನು ರಸೀದಿಯಲ್ಲೇ ನಮೂದಿಸುವಂತೆ ಟೂರಿನವರನ್ನು ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆ ಕೇಳಬಹುದು. ಹಣ ಕಟ್ಟಿಸಿಕೊಳ್ಳುವುದು ಇಲ್ಲಿಯೇ ತಾನೆ. ಬರುವ ಫೆಬ್ರವರಿಯಲ್ಲಿ ಅಕ್ಕನ ಬೀಗರು ಅಲ್ಲಿಗೆ ಹೊರಟಿದ್ದಾರೆ. ಪಟ್ಟಿಯನ್ನು ನಾನೇ ಕೂತು ಬರೆದುಕೊಟ್ಟಿದ್ದೇನೆ: ಪೋರ್ಟ್ ಬ್ಲೇರಿನಲ್ಲಿ ಮೊದಲಿಗೆ ಒಂದು ರಾತ್ರಿ, ಹ್ಯಾವ್‌ಲಾಕಿನಲ್ಲಿ ಮೂರು, ಮರಳಿ ಬಂದು ಪೋರ್ಟ್ ಬ್ಲೇರಿನಲ್ಲಿ ಎರಡು, ಆ ಎರಡರ ನಡುವಿನ ಹಗಲಿನಲ್ಲಿ ರಾಸ್. ಒಟ್ಟು ನಾಲ್ಕೇ ಸಲ ಹಡಗು. ನೀಲ್ ಬಿಟ್ಟಿದ್ದೇಕೆಂದು ತಾಯಿ ಮಾತ್ರ ಇನ್ನೂ ಕೇಳುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಹಾಸನ