ಹತ್ತು ವರ್ಷ ತುಂಬಿದ ಹೊತ್ತಿನಲ್ಲಿ ಯೂಯಿಂಗ್ ಕಾಫ್‌ಮನ್ ಅವರನ್ನು ನೆನೆದು

ನಮ್ಮ ಪುಟ್ಟ ಔಷಧ ವಿತರಣಾ ಸಂಸ್ಥೆಗೆ ಈ ವಾರ ಹತ್ತು ವರ್ಷ ತುಂಬಿತು. ಹರಸಿದವರಿಗೆ, ಸಾಲ ಕೊಟ್ಟು ತಾಳ್ಮೆಯಿಂದ ಕಾದವರಿಗೆ, ಮೊದಲಿನಿಂದಲೂ ಜೊತೆಗಿರುವ ಏಳು ಮಂದಿ ಸಹೋದ್ಯೋಗಿಗಳಿಗೆ ನನ್ನ ನಮಸ್ಕಾರಗಳು. ನಾನು ಎಂದೂ ಕಾಣದ, 1993ರಲ್ಲೇ ತೀರಿಕೊಂಡ ಅಮೆರಿಕದ ಕಾನ್ಸಾಸ್ ಸಿಟಿಯ ಉದ್ಯಮಿ ಯೂಯಿಂಗ್ ಕಾಫ್‌ಮನ್ ಅವರ ಋಣವನ್ನೂ ಇಲ್ಲಿ ಎಲ್ಲರೆದುರು ಒಪ್ಪಿಕೊಳ್ಳಬೇಕು.

ನಾನು ಔಷಧ ಪ್ರತಿನಿಧಿಯಾಗಿದ್ದ ಕಂಪನಿಯಲ್ಲಿ, ಗುರಿ ಮೀರಿ ಮಾರಿದ ವರ್ಷವೇ ಕಮಿಷನ್ ಕಡಿತವಾಗಿ, ಮನಸ್ಸು ಮುರಿದು ಕೆಲಸ ಬಿಟ್ಟಿದ್ದೆ. ಕಾಫ್‌ಮನ್ ಅವರ ಜೀವನವೃತ್ತಾಂತವನ್ನು ಓದಿದ್ದು ಆ ದಿನಗಳಲ್ಲಿ. ಅವರೂ ಔಷಧ ಮಾರುತ್ತಿದ್ದವರೇ. ಅವರ ಗಳಿಕೆ ಕಂಪನಿಯ ಅಧ್ಯಕ್ಷರ ಸಂಬಳವನ್ನು ಮೀರಿದಾಗ ಮೊದಲು ಕಮಿಷನ್ನಿಗೆ, ಆಮೇಲೆ ಮಾರಾಟದ ಪ್ರದೇಶಕ್ಕೆ ಕತ್ತರಿ ಬಿದ್ದಿತ್ತು. 1950ರಲ್ಲಿ ಅವರು ಮನೆಯ ನೆಲಮಾಳಿಗೆಯಲ್ಲಿ ಸ್ವಂತ ಕಂಪನಿ ತೆರೆದು, ಒಬ್ಬನೇ ನಡೆಸುವ ವ್ಯಾಪಾರವೆಂದು ಯಾರಿಗೂ ಅನ್ನಿಸದಿರಲೆಂದು, ತಮ್ಮ ನಡುಹೆಸರಿನಿಂದ ಅದನ್ನು ಮೇರಿಯನ್ ಲ್ಯಾಬೊರೇಟರೀಸ್ ಎಂದು ಕರೆದರು. ಹಗಲು ಮಾರಾಟ, ರಾತ್ರಿ ಆರ್ಡರು ಕಟ್ಟುವ ಕೆಲಸ. ಸಿಂಪಿ ಚಿಪ್ಪನ್ನು ಅರೆದು ಮಾಡಿದ ಕ್ಯಾಲ್ಸಿಯಂ ಮಾತ್ರೆ ಮುಂದೆ ಅವರ ಕೈಹಿಡಿಯಿತು. ಕರೆಂಟು ಹೋದ ರಾತ್ರಿಗಳಲ್ಲಿ ಮಡದಿ ಟಾರ್ಚು ಹಿಡಿದು ನಿಂತು, ನಾನು ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನೊಡನೆ ತಾಳೆ ನೋಡುತ್ತಿದ್ದಾಗ ಆ ನೆಲಮಾಳಿಗೆ ನೆನಪಾಗಿ ಧೈರ್ಯ ಬರುತ್ತಿತ್ತು.

ತಮಗಾದ ಅನ್ಯಾಯ ತಮ್ಮಲ್ಲಿ ದುಡಿಯುವ ಯಾರಿಗೂ ಆಗದಂತೆ ಅವರು ನೋಡಿಕೊಂಡರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ನೌಕರರನ್ನು ಸಹವರ್ತಿಗಳೆಂದು ಕರೆದು, ದುಡಿದವರಿಗೆ ಲಾಭದಲ್ಲಿ ಪಾಲಿರಬೇಕೆಂದು ನಡೆದುಕೊಂಡಿದ್ದರಿಂದ, 1989ರಲ್ಲಿ ಕಂಪನಿ ಮೆರೆಲ್ ಡೌ ಎಂಬ ಔಷಧ ಕಂಪನಿಯ ಜೊತೆ ವಿಲೀನವಾಗುವ ಹೊತ್ತಿಗೆ ನೂರಾರು ಸಹವರ್ತಿಗಳು ಹತ್ತು ಲಕ್ಷ ಡಾಲರಿಗೂ ಮೀರಿದ ಆಸ್ತಿಯ ಒಡೆಯರಾಗಿದ್ದರು.

ಬೇಸ್‌ಬಾಲ್ ತಂಡ ಬಿಟ್ಟುಹೋಗಿದ್ದ ಊರಿಗೆ 1968ರಲ್ಲಿ ಹೊಸ ತಂಡದ ಹಕ್ಕನ್ನು ತಂದವರೂ ಅವರೇ. ಅವರ ರಾಯಲ್ಸ್ ತಂಡ 1985ರಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ತಮ್ಮ ಕಾಲಾನಂತರ ತಂಡ ಊರು ಬಿಡಬಾರದೆಂದು ಅದನ್ನು ಅಲ್ಲಿನ ದತ್ತಿ ಸಂಸ್ಥೆಯ ಕೈಗೊಪ್ಪಿಸುವ ವ್ಯವಸ್ಥೆ ಮಾಡಿದ್ದರಿಂದ, 2000ದಲ್ಲಿ ತಂಡ ಮಾರಾಟವಾದಾಗ ಬಂದ ಹಣ ಊರಿನ ಸೇವಾಕಾರ್ಯಗಳಿಗೆ ಸಂದಿತು. 1988ರಲ್ಲಿ ಅದೇ ಊರಿನ ವೆಸ್ಟ್‌ಪೋರ್ಟ್ ಹೈಸ್ಕೂಲಿನ ಮಕ್ಕಳಿಗೆ ಅವರು ಕೊಟ್ಟ ಮಾತು ಇನ್ನೂ ನನ್ನ ಕಣ್ಣು ತೇವಗೊಳಿಸುತ್ತದೆ: ಮಾದಕವಸ್ತುಗಳಿಂದ ದೂರವಿದ್ದು ಹೈಸ್ಕೂಲು ಮುಗಿಸಿದರೆ, ಮುಂದಿನ ಓದಿನ ಖರ್ಚು ತಮ್ಮದು.

ಅವರಿಗೆ ಧನ್ಯವಾದ ಹೇಳಲು ನನಗೆ ತೋಚಿದ ದಾರಿ ಒಂದೇ. ಈ ವರ್ಷದಿಂದ ನಮ್ಮ ಲಾಭದಲ್ಲಿ ಆ ಏಳು ಮಂದಿಗೂ ಪಾಲು ಬರೆದಿದ್ದೇವೆ. ಮೊನ್ನೆ ಸಂಜೆ ಪತ್ರಗಳಿಗೆ ಸಹಿಯಾಯಿತು. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಹಿರಿಯರು ಕನ್ನಡಕ ಒರೆಸಿಕೊಂಡು, ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಎಲ್ಲರಿಗಿಂತ ಮೊದಲು ಸಹಿ ಹಾಕಿದರು.