ತುರ್ಕುವಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ನಾಡಿದ್ದು ಬೆಳಿಗ್ಗೆ ನೀನು ಫಿನ್‌ಲ್ಯಾಂಡಿನ ತುರ್ಕು ಪಟ್ಟಣಕ್ಕೆ ಓದಲು ಹೊರಡುತ್ತಿ. ಮೊನ್ನೆ ರಾತ್ರಿಯಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಊಟದ ಹೊತ್ತಿಗೆ ಏನಾಯಿತೆಂಬುದು ಇಬ್ಬರಿಗೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಸ್ವರ ಏರಿದ್ದಕ್ಕೆ ಮನಸ್ಸಿಗೆ ನೋವು ಮಾಡಿಕೊಳ್ಳಬೇಡ. ಆದರೆ ತುಳು, ಕನ್ನಡ ಎರಡೂ ಮನೆಯೊಳಗೇ ಇರುವಾಗ ಭಾಷೆ ಓದಲು ಉಜಿರೆಯ ಹುಡುಗಿ ಫಿನ್‌ಲ್ಯಾಂಡಿಗೆ ಯಾಕೆ ಹೋಗಬೇಕೆಂದು ಕೇಳಿದೆನಲ್ಲ, ಅದನ್ನು ಕೇಳಲೇಬೇಕಿತ್ತು. ನೀನು ಉತ್ತರ ಕೊಡದೆ ಎದ್ದುಹೋದೆ. ಉತ್ತರವನ್ನು ನಾನೇ ಹುಡುಕಿಕೊಂಡೆ.

ತುರ್ಕು ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಲೌರಿ ಹೊಂಕೊ ಅಲ್ಲಿಂದ ಇಲ್ಲಿಗೆ ಬಂದಿದ್ದರು. ನಮ್ಮ ಕಡೆಯ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ನಮ್ಮ ಹಾಡುಗಾರ ಗೋಪಾಲ ನಾಯ್ಕರ ಎದುರು ಕೂತು, 1990ರ ಡಿಸೆಂಬರಿನಲ್ಲಿ, ತುಳುವಿನ ದೊಡ್ಡ ಹಾಡುಗತೆಯಾದ ಸಿರಿ ಪಾಡ್ದನವನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. 15,683 ಸಾಲು! 1998ರಲ್ಲಿ ಅದು ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ನಮ್ಮವರೇ ಎಷ್ಟೋ ಜನ "ಗದ್ದೆಯ ಹಾಡು" ಎಂದು ಬದಿಗಿಟ್ಟದ್ದನ್ನು ಅಷ್ಟು ದೂರದವರು ಕೂತು ಕೇಳಿದರಲ್ಲ ಎಂಬ ಗೌರವ ನನಗೆ ಯಾವತ್ತೂ ಇದೆ. ಈಗ ನಿನ್ನ ಸರದಿ. ಅಲ್ಲಿ ನಮ್ಮದನ್ನು ಹೇಳಿಕೊಂಡು ತಿರುಗಬೇಡ, ಮೊದಲು ಅವರದನ್ನು ಕೇಳು. ಇಂಗ್ಲಿಷಿನಲ್ಲಿ ಎಲ್ಲ ನಡೆಯುತ್ತದೆ ಅಂದೆಯಲ್ಲ, ನನಗೆ ಸರಿ ಕಾಣದ್ದು ಅದೇ. 15 ವಿಭಕ್ತಿ ಇರುವ ಭಾಷೆ ಐದು ತಿಂಗಳಲ್ಲಿ ಪೂರ್ತಿ ಬರಲಿಕ್ಕಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ತಪ್ಪುತಪ್ಪಾಗಿಯಾದರೂ ಫಿನ್ನಿಷ್ ಮಾತಾಡು. ಆ ಊರಲ್ಲಿ ಸ್ವೀಡಿಷ್ ಆಡುವವರೂ ಇದ್ದಾರಂತೆ, ಬೀದಿಯ ಹೆಸರೂ ಎರಡೆರಡು ಭಾಷೆಯಲ್ಲಂತೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಮಾತಾಡಿ ಬೆಳೆದ ನಿನಗೆ ಅದು ಹೊಸತಲ್ಲ.

ಇನ್ನು ನನ್ನ ಹೆದರಿಕೆ. ಊರಿನ ನಡುವೆ ಔರಾ ನದಿ ಹರಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಜನ ಅದರ ಮೇಲೂ ನಡೆಯುತ್ತಾರೆ ಎಂದು ನೀನು ನಗುತ್ತಾ ಹೇಳಿದೆ. ಅವತ್ತಿನಿಂದ ನನಗೆ ಬೇರೆ ಯೋಚನೆಯಿಲ್ಲ.

ನಿನಗಾಗ ಮೂರನೇ ಕ್ಲಾಸು. ಆಟಿ ತಿಂಗಳು, ಜೋರು ಮಳೆಗಾಲ. ನಮ್ಮ ಹಳ್ಳದ ಕಾಲುಸಂಕವೆಂದರೆ ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು. ಇಡೀ ರಾತ್ರಿ ಸುರಿದು ನೀರು ಮರವನ್ನು ಮುಟ್ಟಿ ಹೋಗುತ್ತಿತ್ತು. ನೀನು ಮುಂದೆ, ನಾನು ಹಿಂದೆ. ನಟ್ಟನಡುವೆ ನೀನು ನಿಂತುಬಿಟ್ಟೆ. ಹೆದರಿ ಅಲ್ಲ. ಬಿದಿರು ಬಿಟ್ಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ನೀರಿನ ಕಡೆಗೆ ಚಾಚಿ, "ಅಮ್ಮಾ, ನೀರಲ್ಲ, ಸಂಕವೇ ಹೋಗ್ತಾ ಉಂಟು" ಎಂದೆ. ಕೂಗಿದರೆ ನೀನು ತಿರುಗುತ್ತಿ, ತಿರುಗಿದರೆ ಕಾಲು ಜಾರುತ್ತದೆ. ನಾನೂ ಹೆಜ್ಜೆ ಇಟ್ಟರೆ ಮರ ಅಲ್ಲಾಡುತ್ತದೆ. ಸುಮ್ಮನೆ ನಿಂತೆ. ಅರ್ಧ ನಿಮಿಷವೂ ಇರಲಿಕ್ಕಿಲ್ಲ. ನಿನ್ನ ಹಳದಿ ಕೊಡೆ, ಅದರ ಒಂದು ಕಡ್ಡಿ ಮುರಿದದ್ದು, ಲಂಗದ ಅಂಚಿಗೆ ಹತ್ತಿದ ಕೆಸರು, ಎಲ್ಲ ನನಗೆ ಈಗಲೂ ಕಾಣುತ್ತದೆ. ಆಮೇಲೆ ನೀನು ಏನೂ ಆಗದವಳ ಹಾಗೆ ದಾಟಿಹೋದೆ. ನಾನು ದಾಟಲು ಎಷ್ಟೋ ಹೊತ್ತು ಬೇಕಾಯಿತು.

ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರು ಬಾವಿ ಸೇರುವ ಕಡೆ ಬಂದರೆ ನಿನ್ನ ಅಜ್ಜಿ ಈಗಲೂ ಎದ್ದು ಒಳಗೆ ಹೋಗುತ್ತಾರೆ. ನೀರಿನ ಹೆದರಿಕೆ ನಮ್ಮ ಮನೆಯ ಹೆಂಗಸರಿಗೆಲ್ಲ ಇದೆ, ನಿನಗೊಬ್ಬಳಿಗೆ ಇಲ್ಲ. ಹೊಸತೇನಾದರೂ ಕಂಡರೆ ಕಾಲಡಿಯನ್ನೇ ಮರೆಯುತ್ತಿ. ಇಡೀ ತರಗತಿಯಲ್ಲಿ ನಿನ್ನನ್ನೇ ಆರಿಸಿದ್ದೂ ಆ ಗುಣಕ್ಕೇ ಎಂದು ನನಗೆ ಗೊತ್ತು. ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ನಿನ್ನೆದುರು ಮಾತ್ರ ಹೇಳಲಿಲ್ಲ.

ಆದ್ದರಿಂದ ಸರಿಯಾಗಿ ಓದಿಕೋ. ಒಬ್ಬರು ನಡೆಯಲು ಕನಿಷ್ಠ 5 ಸೆಂಟಿಮೀಟರ್ ಗಟ್ಟಿ ಮಂಜುಗಡ್ಡೆ ಬೇಕು. ಹರಿಯುವ ನೀರಿನ ಮೇಲೆ, ಸೇತುವೆಯ ಅಡಿಯಲ್ಲಿ ಅದು ತೆಳ್ಳಗಿರುತ್ತದೆ. ಮೇಲೆ ಹಿಮ ಬಿದ್ದಿದ್ದರೆ ತೆಳುವೋ ದಪ್ಪವೋ ಕಾಣುವುದೂ ಇಲ್ಲ. ತಿಳಿದವರು ಕುತ್ತಿಗೆಗೆ ಎರಡು ಚೂಪು ಮೊಳೆಯ ಹಿಡಿಗಳನ್ನು ತೂಗಿಕೊಂಡು ಹೋಗುತ್ತಾರೆ, ಬಿದ್ದರೆ ಅವನ್ನು ಮಂಜಿಗೆ ಚುಚ್ಚಿ ಮೇಲೆ ಬರಲು. ನಿನಗೆ ಅದು ಬೇಡ, ಏಕೆಂದರೆ ನೀನು ನದಿಗೆ ಇಳಿಯುವುದಿಲ್ಲ. ಆಚೆ ದಡಕ್ಕೆ ಸೇತುವೆಗಳಿವೆ, 1904ರಿಂದ ಓಡುವ ಫೋರಿ ಎಂಬ ದೋಣಿಯಿದೆ, ಅದಕ್ಕೆ ದುಡ್ಡೂ ಇಲ್ಲ. ಗೆಳತಿಯರೆಲ್ಲ ಇಳಿದರೂ ನೀನು ದಡದಲ್ಲೇ ನಿಲ್ಲು. ಏನಾದರೂ ಆದರೆ 112. ಜನವರಿಯಲ್ಲಿ ಬೆಳಗಾಗುವಾಗ ಒಂಬತ್ತು ದಾಟುತ್ತದೆ, ಸಂಜೆ ನಾಲ್ಕಕ್ಕೆಲ್ಲ ಮತ್ತೆ ಕತ್ತಲೆ. ಕತ್ತಲಲ್ಲಿ ನಡೆಯುವವರು ರಿಫ್ಲೆಕ್ಟರ್ ಹಾಕಬೇಕೆಂದು ಅಲ್ಲಿ ಕಾನೂನೇ ಇದೆ. ನಿನ್ನ ಕೋಟಿನ ಎರಡೂ ಬದಿಗೆ ಹೊಲಿದಿದ್ದೇನೆ, ಚಂದ ಕಾಣುವುದಿಲ್ಲ ಎಂದು ಬಿಚ್ಚಬೇಡ. ವಿಟಮಿನ್ ಡಿ ಮಾತ್ರೆ ದಿನಾ ತಗೋ.

ಪಾಠ ಮಾಡುವುದಿಲ್ಲವೆಂದೇ ಬರೆಯಲು ಕೂತೆ, ನೋಡಿದರೆ ಅದೇ ಆಗಿದೆ. ಇರಲಿ, ಹೇಳದೆ ಕಳಿಸಲು ನನ್ನಿಂದ ಆಗದು.

ತಲುಪಿದ ದಿನವೇ ಫೋನು ಮಾಡು. ಆಮೇಲೆ ಶನಿವಾರ ಶನಿವಾರ ಸಾಕು. ಚಳಿಗಾಲದಲ್ಲಿ ನಿನಗೆ ಸಂಜೆ ಐದೂವರೆ ಆದಾಗ ಇಲ್ಲಿ ರಾತ್ರಿ ಒಂಬತ್ತು, ಅಜ್ಜಿಯೂ ಎಚ್ಚರ ಇರುತ್ತಾರೆ. ನದಿ ಹೇಗಿದೆ ಎಂದು ನಾನು ಕೇಳುತ್ತೇನೆ, ಸಿಟ್ಟು ಮಾಡದೆ ಹೇಳು.

ನಿನ್ನ
ಅಮ್ಮ