ಹದಿನೈದು ಸೆಕೆಂಡು ಎಣಿಸಿದವರಿಗೆ

ನಮ್ಮ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಪಕ್ಕದ ಬೋರ್ಡಿನಲ್ಲಿ, ಲೈನ್‌ನಿಂದ (ರಕ್ತನಾಳಕ್ಕೆ ಹಾಕಿದ ಕೊಳವೆ) ಯಾವ ಮಗುವಿನ ರಕ್ತಕ್ಕೂ ಸೋಂಕು ತಗುಲದ ದಿನಗಳ ಎಣಿಕೆ ಮೂರಂಕಿ ಮುಟ್ಟಿದೆ. ಈ ನಡುವೆ ಹೊಸ ಯಂತ್ರ ಬಂದಿಲ್ಲ, ಹೊಸ ಆಂಟಿಬಯಾಟಿಕ್ಕೂ ಬಂದಿಲ್ಲ. ಆದ್ದರಿಂದ ಯಾವ ಕೆಲಸಕ್ಕೆ ಋಣಿಗಳೋ ಅದನ್ನೇ ಬಿಡಿಸಿ ಹೇಳುತ್ತೇವೆ.

ಮೊದಲು ಸಿಸ್ಟರ್‌ಗಳಿಗೆ. ಕಿಲೋ ಕೂಡ ತೂಗದ ಮಗುವಿಗೆ ಪೋಷಣೆ ಹೋಗುವುದು ಕೈ ಅಥವಾ ಕಾಲಿನ ರಕ್ತನಾಳದಿಂದ ಒಳಹೋಗುವ, ದಾರದಷ್ಟು ತೆಳ್ಳನೆಯ ಪಿಕ್ ಲೈನಿನಲ್ಲಿ. ಅದರ ತುದಿ ಇರುವುದು ಹೃದಯದ ಹತ್ತಿರ. ಹೊರಗಿನ ಹಬ್ (ಸಿರಿಂಜ್ ಜೋಡಿಸುವ ಬಾಯಿ) ಮೇಲೆ ಕೂತ ಕ್ರಿಮಿಗೆ ಅದು ರಾಜಮಾರ್ಗ. ತೆರೆಯುವ ಮುನ್ನ ಪ್ರತಿ ಸಲವೂ 70% ಆಲ್ಕೋಹಾಲ್ ಸ್ವಾಬ್‌ನಿಂದ ಹಬ್ಬನ್ನು 15 ಸೆಕೆಂಡು ತಿರುಗಿಸಿ ತಿರುಗಿಸಿ ಉಜ್ಜಬೇಕು, ಆಮೇಲೆ ಒಣಗಲು ಬಿಡಬೇಕು. ಹೆಚ್ಚಾಗಿ ತಪ್ಪುವುದು ಈ ಒಣಗಿಸುವ ಹಂತವೇ. ಪಕ್ಕದ ಮಾನಿಟರ್ ಕೂಗುತ್ತಿರುವಾಗ 15 ಸೆಕೆಂಡು ಎಷ್ಟು ಉದ್ದ ಎಂಬುದು ರಾತ್ರಿ ಪಾಳಿಯವರಿಗೇ ಗೊತ್ತು.

ಲಿಪಿಡ್ (ಕೊಬ್ಬಿನ ದ್ರಾವಣ) ಹೋಗುವ ಟ್ಯೂಬನ್ನು 24 ಗಂಟೆಗೊಮ್ಮೆ ತಪ್ಪದೆ ಬದಲಿಸಿದಿರಿ. ಕೊಬ್ಬಿನಲ್ಲಿ ಬ್ಯಾಕ್ಟೀರಿಯಾ, ಫಂಗಸ್ ಎರಡೂ ಬೇಗ ಬೆಳೆಯುತ್ತವೆ. ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಇಡೀ ವಾರ್ಡಿಗೆ ಫ್ಲಶ್ (ಲೈನ್ ತೊಳೆಯುವ ಸಲೈನ್) ಎಳೆಯುವ ಹಳೇ ಚಾಳಿಯನ್ನೂ ಬಿಡಿಸಿದಿರಿ. ಅದೊಂದಕ್ಕೇ ಬೇರೆ ನಮಸ್ಕಾರ ಸಲ್ಲಬೇಕು: ಆ ಒಂದು ಬಾಟಲಿಗೆ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಹೊಕ್ಕರೆ ಸಾಲಾಗಿ ನಾಲ್ಕೈದು ಮಕ್ಕಳಿಗೆ ನಂಜೇರುತ್ತದೆ.

"ಸರ್, ಈ ಲೈನ್ ಇವತ್ತೂ ಬೇಕಾ?" ಎಂದು ದಿನಾ ರೌಂಡ್ಸ್‌ನಲ್ಲಿ ಕೇಳಿದವರಿಗೆ. (ಕೇಳಿಸಿಕೊಂಡವರು ಗೊಣಗಿದ್ದುಂಟು, ಕ್ಷಮಿಸಿ.) ಹಾಲು ಮಗುವಿನ ಕಿಲೋ ತೂಕಕ್ಕೆ ದಿನಕ್ಕೆ 120 ಮಿಲಿ ತಲುಪಿತೆಂದರೆ ಪಿಕ್ ಹೊರಗೆ, ಹೊಕ್ಕುಳಿನ ಲೈನ್ ವಾರದೊಳಗೇ ಹೊರಗೆ. 'ಇರಲಿ, ಬೇಕಾಗಬಹುದು' ಎಂದು ಬಿಟ್ಟ ಲೈನಿನಲ್ಲೇ ಸೋಂಕು ಹೊಂಚು ಹಾಕುತ್ತದೆ.

ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ ಕನಿಷ್ಠ 1 ಮಿಲಿ ರಕ್ತ ಬೇಕೆಂದು ಪಟ್ಟು ಹಿಡಿದ ಲ್ಯಾಬಿನವರಿಗೆ. ನಾಲ್ಕು ಹನಿ ಕಳಿಸಿದರೆ, ರಕ್ತದಲ್ಲಿ ಕ್ರಿಮಿ ವಿರಳವಾಗಿದ್ದಾಗ ಸಿಕ್ಕುವುದೇ ಇಲ್ಲ. 48 ಗಂಟೆಗೆ 'ಏನೂ ಬೆಳೆದಿಲ್ಲ' ಎಂದು ನೀವು ಫೋನ್ ಮಾಡಿದ್ದರಿಂದಲೇ, ಚೆನ್ನಾಗಿದ್ದ ಮಕ್ಕಳಿಗೆ ಆಂಟಿಬಯಾಟಿಕ್ ನಿಲ್ಲಿಸುವ ಧೈರ್ಯ ಬಂತು.

ಹೌಸ್‌ಕೀಪಿಂಗ್ ಅಕ್ಕಂದಿರಿಗೆ: ಕೈ ತೊಳೆಯುವ ಸಿಂಕಿಗೆ ಉಳಿದ ಹಾಲು, ಡ್ರಿಪ್ ನೀರು ಸುರಿಯಲು ಬಂದವರನ್ನು, ಡಾಕ್ಟರಾದರೂ ಸರಿ, ತಡೆದಿರಿ. ಆ ಸಿಹಿಗೆ ಕೊಳವೆಯೊಳಗೆ ಕ್ರಿಮಿ ಕೊಬ್ಬುತ್ತದೆ, ನಲ್ಲಿ ಬಿಟ್ಟಾಗ ಸಿಡಿದು ಕೈಗೇ ಮರಳುತ್ತದೆ.

ಕೊನೆಗೆ ಬಾಣಂತಿಯರಿಗೆ. ಎರಡು ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ಹಾಲು ಹಿಂಡಿ ಕೊಟ್ಟಿರಿ. ಹಾಲು ಬೇಗ ಹೆಚ್ಚಿದಷ್ಟೂ ಲೈನಿನ ದಿನಗಳು ಕಡಿಮೆಯಾದವು. ಗಂಟೆಗಟ್ಟಲೆ ಮಗುವನ್ನು ಎದೆಗವಚಿ ಕಾಂಗರೂ ಆರೈಕೆ ಮಾಡಿದಿರಿ. ಹಸಿ ಬಾಣಂತಿ ಬರಿಗೈಯಲ್ಲಿ ಇರಬಾರದು ಎಂದು ಮನೆಯ ಹಿರಿಯರು ತಡೆದಾಗಲೂ, ಹಸಿರು ಬಳೆ ಬಿಚ್ಚಿ ಅತ್ತೆಯ ಕೈಗಿಟ್ಟು, ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಬಂದಿರಿ.